ಯಾರ ಮನೆಯ ವಾದ್ಯ ಯಾರ ಕೈಗೆ

ಸರ್ಕಾರಿ ಶಾಲೆಯಲ್ಲಿ ಸಂಗೀತ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ನಮ್ಮ ಹತ್ತಿರ ಹೆಚ್ಚೇನೂ ಇಲ್ಲ. ಬೆಳಗಿನ ಪ್ರಾರ್ಥನೆಯ ಸಾಲು ಇದೆ, ಆಗಸ್ಟ್ ಮತ್ತು ಜನವರಿಯ ಧ್ವಜಾರೋಹಣ ಇದೆ, ವರ್ಷಕ್ಕೊಮ್ಮೆ ಬರುವ ಪ್ರತಿಭಾ ಕಾರಂಜಿ ಇದೆ. ಒಂದರಿಂದ ಮೂರನೆಯ ತರಗತಿಯವರೆಗೆ ನಲಿಕಲಿ ಇರುವುದರಿಂದ ಸಣ್ಣ ಮಕ್ಕಳು ಕೈ ತಟ್ಟಿ ಹಾಡುತ್ತ ಅಕ್ಷರ ಕಲಿಯುತ್ತಾರೆ. ನಾಲ್ಕನೆಯ ತರಗತಿಗೆ ಬಂದರೆ ಹಾಡು ನಿಂತಿತು, ಇನ್ನು ಮೇಲೆ ಪಾಠ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಆದೇಶಿಸಿತು. ನಮ್ಮ ಮಕ್ಕಳು ಅದಕ್ಕೂ ಮೊದಲೇ ಮುಗಿಸಿಬಿಡುತ್ತಾರೆ. ಕೋಲಾರದ ಬಿಸಿಲಿನಲ್ಲಿ ನಿಂತವರಿಗೆ ಯಾರ ಧಾಟಿಯಲ್ಲಿ ಹಾಡಬೇಕೆಂಬ ವಿವಾದ ಅರ್ಥವಾಗುವುದಿಲ್ಲ.

ಪ್ರತಿಭಾ ಕಾರಂಜಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಜನಪದ ಗೀತೆ, ಭಾವಗೀತೆಗಳ ಜೊತೆಗೆ ಕವ್ವಾಲಿಗೂ ಗಜಲ್‌ಗೂ, ಸಂಸ್ಕೃತ ಪಠಣದ ಜೊತೆಗೆ ಅರೇಬಿಕ್ ಪಠಣಕ್ಕೂ ಜಾಗ ಕೊಟ್ಟ ಸ್ಪರ್ಧೆ ಅದು. ಆದರೆ ಸ್ಪರ್ಧೆ ಸ್ಪರ್ಧೆಯೇ. ಸುತ್ತೋಲೆ ಬಂದ ಮೇಲೆ ನಾವು ತರಗತಿಯಿಂದ ತರಗತಿಗೆ ಹೋಗಿ ಒಳ್ಳೆಯ ಗಂಟಲಿನ ಒಂದು ಮಗುವನ್ನು ಹುಡುಕಿ ತರುತ್ತೇವೆ. ಆ ಮಗು ಕ್ಲಸ್ಟರ್ ದಾಟಿ ತಾಲ್ಲೂಕಿಗೆ ಹೋದರೆ ಶಾಲೆಗೆ ಹೆಸರು. ಉಳಿದ ಮಕ್ಕಳು ಅದೇ ಹಳೆಯ ಕೆಲಸದಲ್ಲಿ, ಅಂದರೆ ಚಪ್ಪಾಳೆ ತಟ್ಟುವುದರಲ್ಲಿ, ಪರಿಣತರಾಗುತ್ತಾರೆ. ಗೆದ್ದ ಹಾಡುಗಳೂ ವರ್ಷದಿಂದ ವರ್ಷಕ್ಕೆ ಅವೇ. ತೀರ್ಪುಗಾರರ ಮೇಜಿನ ಹಿಂದೆ ಕುಳಿತ ನಮಗೇ ಅವು ಬಾಯಿಪಾಠವಾಗಿವೆ.

ನಾನು ಗಣಿತದ ಮೇಷ್ಟ್ರು. ಶಾಲೆ ಕೋಲಾರದ ಹಳೇ ಪೇಟೆಯಲ್ಲಿದೆ. ಕೈಲಾದವರು ತಮ್ಮ ಮಕ್ಕಳನ್ನು ಹಳದಿ ಬಸ್ಸು ಬರುವ ಶಾಲೆಗಳಿಗೆ ಸೇರಿಸಿ ಬಹಳ ಕಾಲವಾಯಿತು. ನಮ್ಮಲ್ಲಿ ಉಳಿದಿರುವವರು ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟು ಎತ್ತುವವರ, ಆಟೋ ಓಡಿಸುವವರ, ಹೂ ಕಟ್ಟುವವರ, ಪೌರಕಾರ್ಮಿಕರ, ನರಸಾಪುರದ ಕಾರ್ಖಾನೆಗಳಿಗೆ ಬೆಳಗಿನ ಪಾಳಿಗೆ ಹೋಗುವ ಅಮ್ಮಂದಿರ ಮಕ್ಕಳು. ಒಂದು ಸಣ್ಣ ಅಂಗಡಿಯವರ ಮನೆ, ಒಂದೆರಡು ಪೂಜಾರರ ಮನೆಯ ಮಕ್ಕಳೂ ಇದ್ದಾರೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ದಖ್ಖನಿ ಉರ್ದು, ಶಾಲೆಯಲ್ಲಿ ಕನ್ನಡ. ಕೆಲವರ ಅಜ್ಜಿಯರಿಗೆ ತಮಿಳು. ಮೂರು ಭಾಷೆಗಳಲ್ಲಿ ಜಗಳವಾಡಬಲ್ಲ ಮಗು ನನ್ನ ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲು ಒಂದರಲ್ಲೂ ಬಾಯಿ ಬಿಡುವುದಿಲ್ಲ.

ಹಿಂದಿನ ಮುಖ್ಯ ಶಿಕ್ಷಕರಿಗೆ ಭಜನೆಯ ಹುಚ್ಚು. ಬ್ಯಾಗ್‌ರಹಿತ ಶನಿವಾರಗಳು ಬಂದಾಗ ಎಲ್ಲ ಶಾಲೆಗಳಂತೆ ನಮ್ಮಲ್ಲೂ ಆ ದಿನ ಏನು ಮಾಡುವುದೆಂಬ ಚಿಂತೆ ಹುಟ್ಟಿತು. ಅವರು ಆರು, ಏಳು, ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ನಿಮ್ಮ ಮನೆಯಲ್ಲಿ ಯಾರು ಏನು ಹಾಡುತ್ತಾರೆ, ಏನು ನುಡಿಸುತ್ತಾರೆ, ಬರೆದುಕೊಂಡು ಬನ್ನಿ.

ಆ ಹಾಳೆಗಳನ್ನು ಓದಿದ್ದು ನನ್ನ ಪಾಲಿಗೆ ಒಂದು ಪಾಠ. ಒಬ್ಬನ ತಂದೆ ಮದುವೆಯ ಬ್ಯಾಂಡ್‌ಸೆಟ್ಟಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಾರೆ. ಒಬ್ಬಳ ಸೋದರಮಾವ ಡೋಲು ನುಡಿಸುತ್ತಾರೆ, ಓಲಗದವರ ಮನೆ. ಇನ್ನೊಬ್ಬಳ ತಾತ ಮರದ ಚಕ್ಕೆ ತಟ್ಟುತ್ತ ಹಾಡುವ ಚಕ್ಕೆ ಭಜನೆಯ ತಂಡದಲ್ಲಿದ್ದಾರೆ, ಸಂತ ಕೈವಾರ ತಾತಯ್ಯನ ಪದಗಳನ್ನು ರಾತ್ರಿಯಿಡೀ ಹಾಡಬಲ್ಲರು. ಮದರಸಾದಲ್ಲಿ ನಾತ್, ಅಂದರೆ ಪ್ರವಾದಿಯ ಸ್ತುತಿಗೀತೆ, ಹಾಡುವ ಹುಡುಗ, ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವ ಅತ್ತೆ, ಕರಗದ ದಿನಗಳಲ್ಲಿ ಮಾತ್ರ ವಾದ್ಯ ಹಿಡಿಯುವ ದೊಡ್ಡಪ್ಪ. ಮೂರ್ನಾಲ್ಕು ಹಾಳೆಗಳಲ್ಲಿ ಮಾತ್ರ ‘ಏನೂ ಇಲ್ಲ’ ಎಂದಿತ್ತು. ಆ ಮಕ್ಕಳ ಮನೆಗಳು ಯಾವ ಬೀದಿಯವು ಎಂದು ನಮಗೆಲ್ಲ ಗೊತ್ತು. ಊರಿನ ಯಾವ ಉತ್ಸವವೂ, ಯಾವ ಶವಯಾತ್ರೆಯೂ ಆ ಬೀದಿಯ ತಮಟೆಯಿಲ್ಲದೆ ಹೊರಟಿದ್ದಿಲ್ಲ.

ನಗರದ ಬಡ ಶಾಲೆಗಳಲ್ಲಿ ಸಂಗೀತ ಕಲಿಸಬೇಕು, ಅದರಲ್ಲೂ ಸ್ಥಳೀಯ ಸಂಸ್ಕೃತಿಯ ಸಂಗೀತ ಕಲಿಸಬೇಕು ಎಂದು ಹೇಳುವುದು ಸುಲಭ, ಎಲ್ಲರೂ ತಲೆಯಾಡಿಸುತ್ತಾರೆ. ಆ ‘ಏನೂ ಇಲ್ಲ’ವನ್ನು ಏನು ಮಾಡುವುದು ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಹೊರಗಿನವರಿಗೆ ತಮಟೆ ಒಂದು ಜಾನಪದ ವಾದ್ಯ, ಮೆರವಣಿಗೆಯ ಫೋಟೊಗೆ ಚೆನ್ನಾಗಿ ಒದಗುತ್ತದೆ. ಅದನ್ನು ತಲೆತಲಾಂತರದಿಂದ ಬಾರಿಸಿದವರಿಗೆ ಅದು ಬಿಟ್ಟಿ ಕೆಲಸ. ಊರಿನಲ್ಲಿ ಸಾವಾದರೆ ಹೋಗಬೇಕು, ಜಾತ್ರೆಯಲ್ಲಿ ದೇವರ ಮುಂದೆ ನಡೆಯಬೇಕು, ದೇವಸ್ಥಾನದ ಹೊಸ್ತಿಲ ಹೊರಗೇ ನಿಲ್ಲಬೇಕು. ಕೂಲಿ ಎಂದರೆ ಕೊಟ್ಟಷ್ಟು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ ಕೋಲಾರ ಜಿಲ್ಲೆಯಲ್ಲಿ ಬಲವಾಗಿ ಬೇರೂರಿದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ಯುವಕರು ತಮಟೆ ಮುಟ್ಟುವುದಿಲ್ಲ ಎಂದು ನಿಂತರು. ಅದೇ ಚಳವಳಿಯ ಸಭೆಗಳಲ್ಲಿ ಅದೇ ತಮಟೆ ಹೋರಾಟದ ಹಾಡುಗಳ ಜೊತೆಗೆ ವೇದಿಕೆಗೂ ಏರಿತು. ಬಿಟ್ಟವರೂ ಹಿಡಿದವರೂ ಒಂದೇ ಕಾರಣಕ್ಕೆ ಹಾಗೆ ಮಾಡಿದರು ಎಂಬುದು ಹೊರಗಿನಿಂದ ನೋಡಿದವರಿಗೆ ತಕ್ಷಣ ಹೊಳೆಯುವುದಿಲ್ಲ.

ಇಲ್ಲಿಂದ ದೂರವೇನಲ್ಲದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆ ನುಡಿಸುವುದಕ್ಕಾಗಿಯೇ. ನಮ್ಮ ಊರಿನ ನೆತ್ತಿಯ ಮೇಲೇ, ಅಂತರಗಂಗೆ ಬೆಟ್ಟದ ಸಾಲಿನ ತೇರಹಳ್ಳಿಯಲ್ಲಿ, ಆದಿಮ ಸಾಂಸ್ಕೃತಿಕ ಕೇಂದ್ರದವರು ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕ ನಡೆಸುತ್ತ ಬಂದಿದ್ದಾರೆ. ಇವೆಲ್ಲ ಇದ್ದೂ ಒಂದು ಮಗು ತನ್ನ ಮನೆಯ ವಾದ್ಯದ ಹೆಸರನ್ನು ಹಾಳೆಯ ಮೇಲೆ ಬರೆಯುವುದಿಲ್ಲ. ತೆರಿಗೆ ಕಟ್ಟದವರ ಮನೆಯ ಮುಂದೆ ತಮಟೆ ಬಾರಿಸಿ ಮಾನ ಕಳೆಯುವ ಉಪಾಯವನ್ನು ಬೆಂಗಳೂರಿನ ಪಾಲಿಕೆ ಕೆಲವು ವರ್ಷಗಳ ಹಿಂದೆ ಮಾಡಿತ್ತು. ಆ ವಾದ್ಯದ ಸದ್ದು ಬಾಗಿಲಲ್ಲಿ ಕೇಳಿದರೆ ಅವಮಾನ ಎಂದು ಸರ್ಕಾರಿ ಕಚೇರಿಯೇ ಲೆಕ್ಕ ಹಾಕಿದ ಮೇಲೆ ಹನ್ನೆರಡು ವರ್ಷದ ಹುಡುಗನಿಂದ ಬೇರೇನು ನಿರೀಕ್ಷಿಸುವುದು?

ಮುಖ್ಯ ಶಿಕ್ಷಕರು ಹಠ ಬಿಡಲಿಲ್ಲ. ಶನಿವಾರದ ತರಗತಿಗೆ ಹಾರ್ಮೋನಿಯಂ, ಚಕ್ಕೆ, ಬ್ಯಾಂಡಿನ ಡ್ರಮ್ಮುಗಳ ಜೊತೆಗೆ ತಮಟೆಯೂ ಬರಲಿ ಎಂದು ಊರಿನ ಒಬ್ಬ ಹಿರಿಯ ಕಲಾವಿದರನ್ನು ಕರೆತಂದರು. ಮಕ್ಕಳು ಅವರನ್ನು ತಾತ ಎಂದೇ ಕರೆಯುತ್ತಾರೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವಿಷಯ ಬಂದಾಗ ಮೊದಲು ಎದ್ದು ನಿಂತವರು ಮೇಲ್ಜಾತಿಯವರೇ ಇರಬಹುದೆಂದು ನೀವು ಊಹಿಸಿದ್ದರೆ, ಹಾಗಾಗಲಿಲ್ಲ. ಎದ್ದವರು ‘ಏನೂ ಇಲ್ಲ’ ಎಂದು ಬರೆದ ಹುಡುಗನೊಬ್ಬನ ತಂದೆ. ಸರಕು ಸಾಗಣೆಯ ಟೆಂಪೋ ಓಡಿಸುತ್ತಾರೆ.

“ಸಾರ್, ನಮ್ಮಪ್ಪ ತೀರಿಕೊಂಡಾಗ ಬೇರೆ ಊರಿನಿಂದ ತಮಟೆಯವರನ್ನು ಕರೆಸಿದೆ. ನಮ್ಮ ಮನೆಯವರ ಕೈಯಲ್ಲಿ ಅದು ಇರಬಾರದು ಎಂದು ಜಗಳ ಮಾಡಿ ಬಿಡಿಸಿದ್ದೇನೆ. ಈಗ ನೀವು ಶಾಲೆಯಲ್ಲಿ ಮತ್ತೆ ಹಿಡಿಸುತ್ತೀರಾ?”

ಯಾರೂ ಮಾತಾಡಲಿಲ್ಲ. ತಾತ ಮಾತ್ರ, ಅವರನ್ನು ಯಾರೂ ಕೇಳದಿದ್ದರೂ, ಮೂಲೆಯ ಕುರ್ಚಿಯಿಂದ ಹೇಳಿದರು: “ಅವನು ಹೇಳುವುದು ಸರಿಯಾಗಿದೆ. ನನಗೂ ಆ ವಯಸ್ಸಿನಲ್ಲಿ ಹಾಗೇ ಅನಿಸಿತ್ತು ಸ್ವಾಮಿ. ಬಿಟ್ಟರೆ ಮಾಡಲು ಬೇರೆ ಕೆಲಸ ಬರುತ್ತಿರಲಿಲ್ಲ.”

ಆ ಸಭೆಯಿಂದ ಹುಟ್ಟಿದ ನಿಯಮ ಇದು: ಮೊದಲ ವರ್ಷ ಯಾವ ಮಗುವೂ ತನ್ನ ಮನೆಯ ವಾದ್ಯವನ್ನು ಕಲಿಯುವ ಹಾಗಿಲ್ಲ. ಬೇರೆಯವರ ಮನೆಯದ್ದನ್ನು ಕಲಿಯಬೇಕು. ಇದನ್ನು ಹೇಳಿದ್ದು ನಮ್ಮ ಸಮಾಜ ವಿಜ್ಞಾನದ ಮೇಡಂ. ಮುಖ್ಯ ಶಿಕ್ಷಕರು ಅನುಮಾನದಿಂದಲೇ ಒಪ್ಪಿದರು. ಟೆಂಪೋ ಓಡಿಸುವವರ ಮಗನಿಗೆ ಹಾರ್ಮೋನಿಯಂ ಬಂತು. ಬ್ಯಾಂಡ್‌ಸೆಟ್ಟಿನವರ ಮಗನಿಗೆ ಚಕ್ಕೆ. ತಮಟೆಯ ಗುಂಪಿಗೆ ಹೋದವರಲ್ಲಿ ಅಂಗಡಿಯವರ ಮಗಳಿದ್ದಳು, ನಾತ್ ಹಾಡುವ ಹುಡುಗನಿದ್ದ, ಓಲಗದವರ ಮನೆಯ ಹುಡುಗಿಯಿದ್ದಳು, ಪೂಜಾರರ ಮನೆಯ ಹುಡುಗನೂ ಇದ್ದ.

ಆಗ ಬಂತು ನಾವು ಮೊದಲೇ ಕಾದಿದ್ದ ವಿರೋಧ. ಅಂಗಡಿಯವರ ಮನೆಯ ಅಜ್ಜಿ ಶಾಲೆಗೇ ಬಂದರು. ಕೋಪವೇನಿಲ್ಲ, ಬೇಸರ. “ಹೆಣ್ಣು ಮಗು ಮೇಷ್ಟ್ರೇ. ಚರ್ಮದ್ದು ಅದು. ಮುಟ್ಟಿ ಬಂದು ದೇವರ ಮನೆ ಹೊಕ್ಕರೆ ಹೇಗೆ?” ಅವರ ಮನೆಯ ಎದುರಿನ ಮಂಟಪದಲ್ಲಿ ಪ್ರತಿ ರಾಮನವಮಿಗೂ ಕಛೇರಿ ನಡೆಯುತ್ತದೆ, ಪಾನಕ, ಕೋಸಂಬರಿ ಹಂಚುವುದು ಅವರೇ. ಅಲ್ಲಿ ನುಡಿಯುವ ಮೃದಂಗಕ್ಕೆ ಹಸುವಿನ, ಆಡಿನ, ಎಮ್ಮೆಯ ಚರ್ಮಗಳೆಲ್ಲ ಬೇಕು. ಒಂದು ಪ್ರಾಣಿಯ ಚರ್ಮದಿಂದ ಅದರ ಕೆಲಸ ಮುಗಿಯುವುದೇ ಇಲ್ಲ. ಆ ಚರ್ಮವನ್ನು ಹದ ಮಾಡಿ, ಬಿಗಿದು, ಶ್ರುತಿಗೆ ತರುವವರು ಬಹುಮಟ್ಟಿಗೆ ತಮಟೆ ಕಟ್ಟುವವರ ಕಡೆಯ ಜನವೇ. ವೇದಿಕೆಗೆ ಬರುವ ಹೊತ್ತಿಗೆ ಅದು ರೇಷ್ಮೆಯ ಹೊದಿಕೆ ಹೊದ್ದು ಬರುತ್ತದೆ, ನಮಸ್ಕಾರ ಮಾಡಿಸಿಕೊಳ್ಳುತ್ತದೆ. ಇದನ್ನು ನಾನು ಅಜ್ಜಿಗೆ ಹೇಳಿದೆ. ಅವರು ನಂಬಲಿಲ್ಲ. ಮೃದಂಗ ಮರದ್ದು ಎಂದು ವಾದಿಸಿದರು. ಮೊಮ್ಮಗಳು ತಮಟೆ ಬಿಡಲಿಲ್ಲ, ಅಜ್ಜಿ ಬಾಗಿಲಲ್ಲಿ ತಂಬಿಗೆ ನೀರು ಇಡುವುದನ್ನೂ ಬಿಡಲಿಲ್ಲ. ಕೈಕಾಲು ತೊಳೆದು ಒಳಗೆ ಬಾ ಎಂಬುದಷ್ಟೇ ಈಗಿನ ಒಪ್ಪಂದ.

ಇದು ನಗುವ ವಿಷಯ ಎಂದು ಯಾರಿಗಾದರೂ ಅನಿಸಿದರೆ ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯನ್ನು ನೆನಪಿಸಿಕೊಳ್ಳಲಿ. 2022ರ ಸೆಪ್ಟೆಂಬರ್‌ನಲ್ಲಿ ದೇವರ ಉತ್ಸವದ ಒಂದು ಕೋಲನ್ನು ದಲಿತ ಬಾಲಕನೊಬ್ಬ ಮುಟ್ಟಿದ ಎಂದು ಆ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಿದ ಊರು ಅದು. ಪ್ರಕರಣ ದಾಖಲಾಯಿತು, ಅಧಿಕಾರಿಗಳು ಓಡಿ ಬಂದರು, ಪತ್ರಿಕೆಗಳಲ್ಲಿ ಬಂತು. ಯಾವ ಮಗು ಯಾವ ಕೋಲನ್ನು ಮುಟ್ಟಬಹುದು ಎಂಬುದು ಇಲ್ಲಿ ಇನ್ನೂ ಇತ್ಯರ್ಥವಾಗದ ಪ್ರಶ್ನೆ. ಊರಿನ ಬೀದಿಯಲ್ಲಿ ತಮಟೆಯ ಕೋಲು ಒಂದು ಜಾತಿಯ ಕೈಗೆ ಅಂಟಿಕೊಂಡಿದೆ, ದೇವರ ಕೋಲು ಇನ್ನೊಂದರ ಕೈಗೆ. ಆ ಅಂಟು ಬಿಡಿಸಬಲ್ಲ ಜಾಗ ದೇವಸ್ಥಾನವಲ್ಲ, ಮದುವೆ ಮಂಟಪವಲ್ಲ, ಸಾಂಸ್ಕೃತಿಕ ಉತ್ಸವದ ವೇದಿಕೆಯೂ ಅಲ್ಲ. ಅಲ್ಲೆಲ್ಲ ಅವರವರ ವಾದ್ಯವನ್ನು ಅವರವರೇ ನುಡಿಸುತ್ತಾರೆ. ಎಲ್ಲರ ಮಕ್ಕಳೂ ಒಂದೇ ಹಾಜರಿ ಪುಸ್ತಕದಲ್ಲಿ ಇರುವ ಜಾಗ ನಮ್ಮ ಪೇಟೆಯಲ್ಲಿ ಸರ್ಕಾರಿ ಶಾಲೆ ಬಿಟ್ಟರೆ ಬೇರೆ ಇಲ್ಲ. ಸಂಗೀತ ತರಗತಿಗೆ ನಾನು ವಕಾಲತ್ತು ಹಾಕುವುದು ಈ ಕಾರಣಕ್ಕೆ.

ತರಗತಿಯ ವಿಷಯ ಹೇಳುತ್ತೇನೆ. ತಮಟೆಯ ಚರ್ಮ ಸಡಿಲವಾಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಬೇಕು. ಶಾಲೆಯ ಹಿಂದಿನ ನೀರಿನ ತೊಟ್ಟಿಯ ಬಳಿ ಹಳೆಯ ಉತ್ತರ ಪತ್ರಿಕೆಗಳನ್ನು ಉರಿಸಿ ಕಾಯಿಸುವುದೆಂದಾಯಿತು. ನಾನು ತಿದ್ದಿದ ಗಣಿತದ ಹಾಳೆಗಳು ಇಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಪಕ್ಕದ ಮನೆಯವರು ಹೊಗೆಗೆ ದೂರು ಕೊಟ್ಟರು, ನಾಲ್ಕನೆಯ ತರಗತಿಯ ಮೇಡಂ ಸದ್ದಿಗೆ ದೂರು ಕೊಟ್ಟರು. ಸರಿ, ಫೈಬರ್ ತಮಟೆ ತರಿಸೋಣ ಎಂದೆ. ಅದಕ್ಕೆ ಬೆಂಕಿ ಬೇಡ, ಮಳೆ ತಾಗಿದರೂ ಚಿಂತೆಯಿಲ್ಲ, ಈಗ ಎಲ್ಲ ಕಡೆ ಅದೇ.

ತಾತ ಒಪ್ಪಿದರು, ಆದರೆ ಒಂದು ಮಾತು ಹೇಳಿದರು. ಉತ್ಸವದಲ್ಲಿ ಗಂಟೆಗಟ್ಟಲೆ ಬಾರಿಸುವವನಿಗೆ ಚರ್ಮ ಸಡಿಲವಾಗುವ ಹೊತ್ತು ಎಂದರೆ ಕುಳಿತುಕೊಳ್ಳುವ ಹೊತ್ತು. ಬೆಂಕಿಯ ಸುತ್ತ ಕೂತು ಬೀಡಿ ಹಚ್ಚಬಹುದು, ನೀರು ಕುಡಿಯಬಹುದು, ಯಾರೂ ‘ಏಕೆ ನಿಲ್ಲಿಸಿದಿರಿ’ ಎಂದು ಕೇಳುವಂತಿಲ್ಲ. ಫೈಬರ್ ಬಂದ ಮೇಲೆ ವಾದ್ಯಕ್ಕೆ ಸುಸ್ತಾಗುವುದಿಲ್ಲ, ಆದ್ದರಿಂದ ಬಾರಿಸುವವನಿಗೂ ಸುಸ್ತಾಗಬಾರದು ಎಂದು ಜನ ಅಂದುಕೊಂಡಿದ್ದಾರೆ. ಕಾರ್ಖಾನೆಯ ಯಂತ್ರಗಳ ಬಗ್ಗೆ ದೊಡ್ಡ ಪುಸ್ತಕಗಳಲ್ಲಿ ಓದಿದ್ದ ವಿಷಯವನ್ನು ನೀರಿನ ತೊಟ್ಟಿಯ ಪಕ್ಕದಲ್ಲಿ ಕೇಳಿದೆ.

ಅವರು ಕಲಿಸುವ ಕ್ರಮವೂ ನನಗೆ ಹಿಡಿಸಿತು. ಬಲಗೈಗೆ ದಪ್ಪನೆಯ ಗಿಡ್ಡ ಕೋಲು, ಎಡಗೈಗೆ ತೆಳ್ಳನೆಯ ಉದ್ದ ಕಡ್ಡಿ. ಮೊದಲ ಕೆಲವು ವಾರ ಕೋಲೂ ಇಲ್ಲ, ತಮಟೆಯೂ ಇಲ್ಲ, ನಡಿಗೆ ಮಾತ್ರ. ಹೆಜ್ಜೆ ಬಾರದವನಿಗೆ ಏಟು ಬಾರದು ಎಂಬುದು ಅವರ ಸಿದ್ಧಾಂತ. ಪ್ರತಿ ವರಸೆಯನ್ನೂ ಬಾಯಲ್ಲಿ ಹೇಳಿಸಿ, ಕಾಲಿಗೆ ಇಳಿಸಿ, ಆಮೇಲೆ ಕೈಗೆ ತರುತ್ತಾರೆ. ತರಗತಿಯಲ್ಲಿ ಮೈ ಮುದುಡಿ ಕೂರುವ ಮಕ್ಕಳು ಇಲ್ಲಿ ಮೈ ಬಿಟ್ಟು ನಿಲ್ಲುವುದನ್ನು ನೋಡಿದೆ. ತಪ್ಪಿದರೆ ಎಲ್ಲರಿಗೂ ಕೇಳಿಸುತ್ತದೆ, ಆದರೆ ಮುಂದಿನ ಸುತ್ತು ಬರುವಷ್ಟರಲ್ಲಿ ಆ ತಪ್ಪು ಹಳತಾಗಿರುತ್ತದೆ. ಕೆಂಪು ಶಾಯಿಯಲ್ಲಿ ಬರೆದಿಡುವವರಿಲ್ಲ.

ಚಕ್ಕೆ ಭಜನೆಯ ಗುಂಪಿನಲ್ಲಿ ಇನ್ನೊಂದು ತೊಡಕು. ಪದಗಳು ತೆಲುಗಿನವು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಾಳಿದ ತಾತಯ್ಯ, ಯೋಗಿ ನಾರೇಯಣರು, ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಗುರುಪೂರ್ಣಿಮೆಗೆ ಅಲ್ಲಿ ಹಗಲು ರಾತ್ರಿ ಬಿಡದೆ ಸಂಗೀತೋತ್ಸವ ನಡೆಯುತ್ತದೆ. ಕನ್ನಡ ಶಾಲೆಯಲ್ಲಿ ತೆಲುಗು ಹಾಡು ಏಕೆ ಎಂದು ಸಂಘಟನೆಯೊಂದರ ಯುವಕರು ಬಂದು ಕೇಳಿದರು. ಅವರಲ್ಲಿ ಇಬ್ಬರು ಫೋನಿನಲ್ಲಿ ತಮ್ಮ ತಾಯಂದಿರೊಡನೆ ತೆಲುಗಿನಲ್ಲೇ ಮಾತಾಡುತ್ತಿದ್ದರು, ಅದನ್ನು ಎತ್ತಿ ತೋರಿಸುವಷ್ಟು ಧೈರ್ಯ ನನಗಿರಲಿಲ್ಲ. ಮುಖ್ಯ ಶಿಕ್ಷಕರು ಅವರಿಗೆ ಕಾಫಿ ತರಿಸಿ, ತಾತಯ್ಯನ ಒಂದು ಕನ್ನಡ ಪದವನ್ನೂ ಕಲಿಸುತ್ತಿದ್ದೇವೆ ಎಂದು ಹೇಳಿ ಕಳುಹಿಸಿದರು. ಆಮೇಲೆ ಗಡಿಬಿಡಿಯಲ್ಲಿ ಒಂದು ಕನ್ನಡ ಪದ ಹುಡುಕಿ ಕಲಿಸಿದೆವು.

ಆ ಗುಂಪಿನ ಒಬ್ಬ ಹುಡುಗಿಯ ವಿಷಯ ಬರೆಯದೆ ಇರಲಾರೆ. ಗಡಿಯ ಆಚೆಯ ಹಳ್ಳಿಯಿಂದ ಕೂಲಿಗೆ ಬಂದ ಕುಟುಂಬ, ಕನ್ನಡ ಓದಲು ತಡವರಿಸುತ್ತಿದ್ದಳು, ನನ್ನ ತರಗತಿಯಲ್ಲಿ ಅವಳ ದನಿ ಹೇಗಿದೆ ಎಂದೇ ನನಗೆ ಗೊತ್ತಿರಲಿಲ್ಲ. ಪದದ ಅರ್ಥ ಉಳಿದ ಮಕ್ಕಳಿಗೆ ಹೇಳಿಕೊಡುವವರು ಬೇಕಾದಾಗ ಅವಳು ಮುಂದೆ ಬಂದಳು. ತೆಲುಗಿನ ಸಾಲು ಹೇಳಿ ಕನ್ನಡದಲ್ಲಿ ವಿವರಿಸಬೇಕು. ಅವಳ ಕನ್ನಡದಲ್ಲಿ ತಪ್ಪುಗಳಿದ್ದವು, ಯಾರೂ ನಗಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅರ್ಥ ಗೊತ್ತಿದ್ದವಳು ಅವಳೊಬ್ಬಳೇ. ಗಣಿತದಲ್ಲಿ ಅವಳು ಈಗಲೂ ಹಿಂದೆಯೇ ಇದ್ದಾಳೆ. ಪ್ರಶ್ನೆ ಕೇಳುತ್ತಾಳೆ ಎಂಬುದು ಮಾತ್ರ ಹೊಸದು.

ಮುಸ್ಲಿಂ ಮನೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ, ಇರಬೇಕೆಂದೂ ಇಲ್ಲ. ಕೆಲವರು ವಾದ್ಯವೇ ಬೇಡ ಎಂದರು, ಆ ಮಕ್ಕಳಿಗೆ ಹಾಡಿನ ಗುಂಪು. ಒಬ್ಬ ತಾಯಿ ಮಗಳು ಹಾಡಲಿ, ವೇದಿಕೆಯ ಮೇಲೆ ಕುಣಿಯುವುದು ಬೇಡ ಎಂದರು. ಒಪ್ಪಿಕೊಂಡೆವು. ಬ್ಯಾಂಡ್‌ಸೆಟ್ಟಿನವರಂತೂ ನಕ್ಕುಬಿಟ್ಟರು. ಗಣೇಶನ ಮೆರವಣಿಗೆ, ಮದುವೆ, ಶವಯಾತ್ರೆ, ಎಲ್ಲದಕ್ಕೂ ಹೋಗುವವರು ಅವರು. ಊರಿನ ಯಾವ ಬೀದಿ ಯಾವ ಹಾಡಿಗೆ ಕುಣಿಯುತ್ತದೆ ಎಂದು ಅವರಷ್ಟು ಬಲ್ಲವರು ಇಲ್ಲ.

ಸಂಗೀತ ಕಲಿತರೆ ಗಣಿತ ಬರುತ್ತದೆಯೇ? ಗಣಿತದ ಮೇಷ್ಟ್ರಾದ್ದರಿಂದ ಇದನ್ನು ನನಗೆ ಎಲ್ಲರೂ ಕೇಳುತ್ತಾರೆ. ಹೌದು ಎಂದರೆ ಅನುದಾನ ಸಿಗುವ ಸಾಧ್ಯತೆ ಹೆಚ್ಚು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೀನಾ ಕ್ರಾಸ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನ ಬಡ ಬಡಾವಣೆಗಳ ಮಕ್ಕಳನ್ನು ಅಭ್ಯಾಸ ಮಾಡಿ 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಎರಡು ವರ್ಷ ಸಂಗೀತ ಕಲಿತ ಮಕ್ಕಳ ಮಿದುಳು ಮಾತಿನ ಧ್ವನಿಗಳನ್ನು ಹೆಚ್ಚು ಸ್ಪಷ್ಟವಾಗಿ ಬೇರ್ಪಡಿಸಿ ಗ್ರಹಿಸುತ್ತಿತ್ತು. ಒಂದು ವರ್ಷ ಸಾಲದಾಗಿತ್ತು. ಆದರೆ 2020ರಲ್ಲಿ ಸಾಲಾ ಮತ್ತು ಗೊಬೆ ಎಂಬ ಇಬ್ಬರು 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗಗಳಲ್ಲಿ ಬುದ್ಧಿಯ ಮೇಲೂ ಅಂಕದ ಮೇಲೂ ಸಂಗೀತದ ಪರಿಣಾಮ ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಂತಿತು. ಈ ಎರಡನ್ನೂ ಓದಿದವನು ಪೋಷಕರ ಸಭೆಯಲ್ಲಿ ‘ತಮಟೆ ಬಾರಿಸಿದರೆ ಭಿನ್ನರಾಶಿ ಬರುತ್ತದೆ’ ಎಂದು ಹೇಳಲಾರ. ಭಿನ್ನರಾಶಿಗೆ ಭಿನ್ನರಾಶಿಯನ್ನೇ ಕಲಿಸಬೇಕು. ಸಂಗೀತಕ್ಕೆ ಗಣಿತದ ಶಿಫಾರಸು ಪತ್ರ ಬೇಕು ಎಂಬ ಯೋಚನೆಯೇ ನನಗೆ ಹಿಡಿಸುವುದಿಲ್ಲ. ಗಣಿತ ಕಲಿತರೆ ಹಾಡು ಚೆನ್ನಾಗಿ ಬರುತ್ತದೆಯೇ ಎಂದು ಯಾರೂ ನನ್ನನ್ನು ಇದುವರೆಗೆ ಕೇಳಿಲ್ಲ.

ಪರದೇಶದ ಉದಾಹರಣೆಗಳಲ್ಲಿ ಎಲ್ಲರೂ ಹೇಳುವುದು ವೆನೆಜುವೆಲಾದ ‘ಎಲ್ ಸಿಸ್ಟೆಮಾ’ವನ್ನು. 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೆಯು ಕರಾಕಸ್‌ನಲ್ಲಿ ಆರಂಭಿಸಿದ್ದು, ಬಡ ಮಕ್ಕಳ ಕೈಗೆ ಪಿಟೀಲು, ಚೆಲ್ಲೋ ಕೊಟ್ಟು ವಾದ್ಯವೃಂದ ಕಟ್ಟಿದ್ದು. ನ್ಯೂಯಾರ್ಕ್‌ನ ಈಸ್ಟ್ ಹಾರ್ಲೆಮ್‌ನಲ್ಲಿ 1991ರಲ್ಲಿ ಪಿಟೀಲು ತರಗತಿಗಳ ಹಣ ನಿಂತಾಗ ಪೋಷಕರೂ ಶಿಕ್ಷಕಿಯೂ ಸೇರಿ ಉಳಿಸಿಕೊಂಡು, 1993ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನಿಧಿ ಸಂಗ್ರಹದ ಕಛೇರಿ ನಡೆಸಿದರು. ಎರಡೂ ದೊಡ್ಡ ಸಾಧನೆಗಳೇ. ನನಗೆ ಹೆಚ್ಚು ಹತ್ತಿರ ಅನಿಸುವುದು ಟೆಕ್ಸಾಸ್ ಮೊದಲಾದ ಕಡೆ ಶಾಲೆಗಳಲ್ಲಿ ನಡೆಯುವ ಮರಿಯಾಚಿ ತರಗತಿಗಳು. ಮೆಕ್ಸಿಕೋ ಮೂಲದ ಮಕ್ಕಳ ಮನೆಯ ಸಂಗೀತವನ್ನೇ ಶಾಲೆ ಪಠ್ಯವಾಗಿ ತೆಗೆದುಕೊಂಡಿತು. ಅಲ್ಲಿ ಮೇಲಿನಿಂದ ಏನನ್ನೂ ಇಳಿಸಲಿಲ್ಲ, ಮನೆಯದಕ್ಕೆ ಬಾಗಿಲು ತೆರೆದರು. ನಮ್ಮಲ್ಲಿ ಅಷ್ಟೇ ಸಾಲದು. ಮನೆಯ ವಾದ್ಯವನ್ನು ಅದೇ ಮನೆಯ ಮಗುವಿಗೆ ಕೊಟ್ಟರೆ ಜಾತಿಯ ಹಂಚಿಕೆಗೆ ಶಾಲೆಯ ಮೊಹರು ಒತ್ತಿದ ಹಾಗೆ. ಟೆಂಪೋ ಓಡಿಸುವ ಆ ತಂದೆ ಹೇಳಿದ್ದು ಇದನ್ನೇ, ನನಗಿಂತ ಕಡಿಮೆ ಮಾತಿನಲ್ಲಿ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಕಲಾವಿದರನ್ನು ಕರೆಸಿದರೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ತೆಗೆಸುವುದು ನಮ್ಮ ಕಡೆಯ ಸಂಪ್ರದಾಯ. ತಾತನ ಮನೆಯಲ್ಲಿ ಒಂದು ಕಪಾಟು ತುಂಬ ಶಾಲುಗಳಿವೆ, ಬಾಡಿಗೆಯ ಮನೆ. ನಾವು ಹಳೆಯ ವಿದ್ಯಾರ್ಥಿಗಳಿಂದ ಎತ್ತಿದ ಹಣದಲ್ಲಿ ತಿಂಗಳಿಗಿಷ್ಟು ಎಂದು ಕೊಡುತ್ತೇವೆ, ಕೆಲವು ತಿಂಗಳು ತಡವಾಗುತ್ತದೆ. ಅತಿಥಿ ಶಿಕ್ಷಕರೆಂದು ತೆಗೆದುಕೊಳ್ಳಲು ಅವರ ಹತ್ತಿರ ಪದವಿ ಇಲ್ಲ. ಎಂಟನೆಯ ತರಗತಿಯನ್ನೂ ಓದಿಲ್ಲ ಎಂದು ಅವರೇ ನಗುತ್ತಾರೆ.

ಟಿ. ಚನ್ನಯ್ಯ ರಂಗಮಂದಿರದಲ್ಲಿ ನಮ್ಮ ಮಕ್ಕಳು ಒಮ್ಮೆ ಒಟ್ಟಿಗೆ ನುಡಿಸಿದರು. ನಡುವೆ ತಾಳ ತಪ್ಪಿತು, ಬ್ಯಾಂಡಿನ ಹುಡುಗ ಯಾರ ಮಾತೂ ಕೇಳದೆ ವೇಗ ಹೆಚ್ಚಿಸಿದ. ಅಂಗಡಿಯವರ ಅಜ್ಜಿ ಬರಲಿಲ್ಲ. ಟೆಂಪೋ ಓಡಿಸುವವರು ಬಂದು ಹಿಂದಿನ ಸಾಲಿನಲ್ಲಿ ನಿಂತು ಮಗನ ಹಾರ್ಮೋನಿಯಂ ಕೇಳಿ, ತಮಟೆಯ ಸರದಿ ಬಂದಾಗ ಹೊರಗೆ ಹೋದರು. ಎರಡನೆಯ ವರ್ಷ ಮಕ್ಕಳು ತಮಗೆ ಬೇಕಾದ ವಾದ್ಯ ಆರಿಸಿಕೊಳ್ಳಬಹುದಿತ್ತು. ಅವರ ಮಗ ಹಾರ್ಮೋನಿಯಂ ಬಿಡಲಿಲ್ಲ. ತಾತ ವರಸೆ ಹೇಳಿಕೊಡುವಾಗ ಅವನ ಬೆರಳುಗಳು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಅದನ್ನೇ ತಟ್ಟುವುದನ್ನು ನಾನು ನೋಡಿದ್ದೇನೆ. ಅದನ್ನು ಅವನ ತಂದೆಗೆ ಹೇಳುವ ಕೆಲಸ ನನ್ನದಲ್ಲ. ತಮಟೆ ಬೇಡ ಎನ್ನುವ ಹಕ್ಕನ್ನೂ ಆ ಮನೆ ಹೋರಾಡಿಯೇ ಪಡೆದುಕೊಂಡದ್ದು.

ಈ ವರ್ಷ ಮುಖ್ಯ ಶಿಕ್ಷಕರಿಗೆ ವರ್ಗಾವಣೆಯಾಯಿತು. ಹೊಸದಾಗಿ ಬಂದ ಮೇಡಂ ಶಿಸ್ತಿನವರು, ಕೆಟ್ಟವರಲ್ಲ. ಮೊದಲ ಶನಿವಾರವೇ ನನ್ನನ್ನು ಕರೆದು, ಇದು ಯಾವ ಸುತ್ತೋಲೆಯ ಪ್ರಕಾರ ನಡೆಯುತ್ತಿದೆ ಎಂದು ಕೇಳಿದರು. ನಾನು ಒಂದು ಟಿಪ್ಪಣಿ ಬರೆದುಕೊಟ್ಟೆ. ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಿರಬೇಕು ಎಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಿಲುವು. ಸ್ಥಳೀಯ ಕಲಾವಿದರನ್ನು ಬೋಧಕರಾಗಿ ತೆಗೆದುಕೊಳ್ಳಬಹುದು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ನಮ್ಮ ರಾಜ್ಯ ಆ ನೀತಿ ಬೇಡವೆಂದು ತನ್ನದೇ ಆಯೋಗ ಮಾಡಿಕೊಂಡಿರುವುದರಿಂದ ಆ ಸಾಲನ್ನು ಉಲ್ಲೇಖಿಸಿದರೆ ಯಾರಿಗೆ ಕೋಪ ಬರುತ್ತದೋ ತಿಳಿಯದೆ ಅದನ್ನು ಪೆನ್ಸಿಲ್‌ನಲ್ಲಿ ಬರೆದೆ.

ಮೇಡಂ ಓದಿ ಕಡತಕ್ಕೆ ಸೇರಿಸಿದರು. ಆಮೇಲೆ ಕೊಠಡಿಯ ಮೂಲೆಯಲ್ಲಿದ್ದ ತಮಟೆಗಳನ್ನು ತೋರಿಸಿ, ಇವು ದಾಸ್ತಾನು ಪುಸ್ತಕದಲ್ಲಿ ಇಲ್ಲವಲ್ಲ, ಎಲ್ಲಿ ಸೇರಿಸುವುದು ಎಂದರು. ಆಟದ ಸಾಮಾನು ಎಂದರೆ ದೈಹಿಕ ಶಿಕ್ಷಕರ ಪುಸ್ತಕಕ್ಕೆ ಹೋಗುತ್ತದೆ, ಅವರು ಸಹಿ ಹಾಕಲು ಒಪ್ಪಲಿಲ್ಲ. ಕೊನೆಗೆ ಗ್ಲೋಬು, ಅಬ್ಯಾಕಸ್, ಭೂಪಟಗಳ ಕೆಳಗೆ ಪಾಠೋಪಕರಣಗಳ ಪಟ್ಟಿಯಲ್ಲಿ ಬರೆದೆವು. ಬೆಲೆಯ ಕಾಲಮ್ಮು ಖಾಲಿ ಇದೆ. ತಾತ ಕೊಟ್ಟ ಚರ್ಮದ ತಮಟೆಗೆ ರಸೀದಿ ಇಲ್ಲ, ಲೆಕ್ಕಪರಿಶೋಧನೆಯವರು ಬಂದರೆ ಏನು ಹೇಳುವುದೆಂದು ಮೇಡಂ ದಿನಾ ಕೇಳುತ್ತಿದ್ದಾರೆ.